ಮೆಕ್ಕೆಜೋಳದ ನಡುವೆ ಕಥೆಯ ಶಾಲೆ

ಷಿಕಾಗೋ ಬಿಟ್ಟು ಪಶ್ಚಿಮಕ್ಕೆ ಹೊರಟರೆ ಸ್ವಲ್ಪ ಹೊತ್ತಿಗೆಲ್ಲ ಊರು ಮುಗಿದು ಮೆಕ್ಕೆಜೋಳ ಶುರುವಾಗುತ್ತದೆ. ಆಮೇಲೆ ಅದು ಮುಗಿಯುವುದೇ ಇಲ್ಲ. ಹಾವೇರಿ, ದಾವಣಗೆರೆ ಕಡೆ ಓಡಾಡಿದ ನನಗೆ ಬೆಳೆ ಹೊಸದಾಗಿರಲಿಲ್ಲ. ಹೊಸದಾಗಿ ಕಂಡದ್ದು ಬದುವಿಲ್ಲದ ಹೊಲ. ಕಣ್ಣು ಹಾಯುವ ತನಕ ಒಂದೇ ಎತ್ತರದ ಹಸಿರು, ನಡುನಡುವೆ ಒಂದು ಬಿಳಿ ಮನೆ, ಪಕ್ಕದಲ್ಲಿ ಕಾಳು ತುಂಬುವ ತಗಡಿನ ಕಣಜ. ಹೊಲದಲ್ಲಿ ಮಾತ್ರ ಒಬ್ಬ ಮನುಷ್ಯನೂ ಇಲ್ಲ.

ಕಾರು ಓಡಿಸುತ್ತಿದ್ದವಳು ನನ್ನ ತಂಗಿಯ ಮಗಳು. ಷಿಕಾಗೋದಲ್ಲಿ ಸಾಫ್ಟ್‌ವೇರ್ ಕೆಲಸ. ಮಾವ ಅಮೆರಿಕಕ್ಕೆ ಬಂದವನು ನಯಾಗರಾ ಬಿಟ್ಟು ಅಯೋವಾ ಸಿಟಿ ಎಂಬ ಊರಿಗೆ ಹೋಗಬೇಕೆಂದು ಹಟ ಹಿಡಿದದ್ದು ಅವಳಿಗೆ ಅರ್ಥವಾಗಿರಲಿಲ್ಲ.

‘ಮಾವ, ಇಂಜಿನಿಯರಿಂಗ್‌ಗೆ ಡಿಗ್ರಿ, ಸರಿ. ಡಾಕ್ಟರಿಕೆಗೆ ಡಿಗ್ರಿ, ಅದೂ ಸರಿ. ಕಥೆ ಬರೆಯೋದಕ್ಕೂ ಡಿಗ್ರಿನಾ? ಅದನ್ನ ಹೇಗೆ ಕಲಿಸ್ತಾರೆ?’

‘ಅದನ್ನೇ ನೋಡೋಣ ಅಂತ ಹೊರಟಿದ್ದು ಕಣೇ’ ಎಂದೆ.

ಡ್ಯಾವೆನ್‌ಪೋರ್ಟ್ ಊರಿನ ಹತ್ತಿರ ಮಿಸಿಸಿಪ್ಪಿ ದಾಟಿದೆವು. ಸೇತುವೆಯ ಆಚೆಗೆ ಅಯೋವಾ ರಾಜ್ಯ. ಅಮೆರಿಕದಲ್ಲಿ ಅತಿ ಹೆಚ್ಚು ಮೆಕ್ಕೆಜೋಳ ಬೆಳೆಯುವ ನಾಡು ಇದು. ಈ ಬೆಳೆಯ ನಡುವೆ ಎಪ್ಪತ್ತೈದು ಸಾವಿರದಷ್ಟು ಜನರಿರುವ ಒಂದು ಪಟ್ಟಣ, ಅದಕ್ಕೊಂದು ವಿಶ್ವವಿದ್ಯಾಲಯ. 2008ರಲ್ಲಿ ಯುನೆಸ್ಕೋ ಈ ಪಟ್ಟಣವನ್ನು ‘ಸಾಹಿತ್ಯ ನಗರ’ ಎಂದು ಹೆಸರಿಸಿತು. ಎಡಿನ್‌ಬರೋ, ಮೆಲ್ಬರ್ನ್ ಆದ ಮೇಲೆ ಜಗತ್ತಿನಲ್ಲಿ ಆ ಹೆಸರು ಪಡೆದ ಮೂರನೆಯ ಊರು. ಪ್ಯಾರಿಸ್ ಆಗಲಿ ನ್ಯೂಯಾರ್ಕ್ ಆಗಲಿ ಅಲ್ಲ, ಈ ರೈತರ ಊರು.

ಅಯೋವಾ ಸಿಟಿ ನಡೆದು ಮುಗಿಸಬಹುದಾದ ಪಟ್ಟಣ. ಗುಡ್ಡದ ನೆತ್ತಿಯ ಮೇಲೆ ಚಿನ್ನದ ಬಣ್ಣದ ಗುಮ್ಮಟದ ಹಳೆಯ ರಾಜಧಾನಿ ಕಟ್ಟಡ. 1857ರಲ್ಲಿ ರಾಜ್ಯದ ರಾಜಧಾನಿ ಡಿಮಾಯ್ನ್‌ಗೆ ಹೋಯಿತು, ಕಟ್ಟಡ ವಿಶ್ವವಿದ್ಯಾಲಯದ ಪಾಲಾಯಿತು. ಕೆಳಗೆ ಅಯೋವಾ ನದಿ, ಮಳೆಗಾಲದ ತುಂಗೆಯ ಬಣ್ಣದ್ದು. 2008ರ ಜೂನ್‌ನಲ್ಲಿ ಇದೇ ನದಿ ಉಕ್ಕಿ ಕ್ಯಾಂಪಸ್ಸಿನ ಎಷ್ಟೋ ಕಟ್ಟಡಗಳಿಗೆ ನುಗ್ಗಿ, ದೊಡ್ಡ ರಂಗಮಂದಿರವನ್ನು ಮತ್ತೆ ಬಳಸಲಾಗದಂತೆ ಮಾಡಿತ್ತು. ಅಯೋವಾ ಅವೆನ್ಯೂ ಎಂಬ ಬೀದಿಯ ಕಾಲುದಾರಿಯಲ್ಲಿ ಈ ಊರಿನ ನಂಟಿದ್ದ ಲೇಖಕರ ಮಾತುಗಳನ್ನು ಕಂಚಿನ ಫಲಕಗಳಲ್ಲಿ ಹುದುಗಿಸಿದ್ದಾರೆ. ಅಕ್ಷರವನ್ನು ತುಳಿಯಬಾರದೆಂದು ಬೆಳೆದ ನಾನು ಫಲಕಗಳನ್ನು ಬಳಸಿಕೊಂಡು ನಡೆದೆ. ಸೊಸೆ ನಕ್ಕಳು, ಆದರೆ ಅವಳೂ ಬಳಸಿಕೊಂಡೇ ಬಂದಳು.

ನಾನು ನೋಡಬೇಕೆಂದುಕೊಂಡಿದ್ದ ಕಟ್ಟಡ ನಾರ್ತ್ ಕ್ಲಿಂಟನ್ ಬೀದಿಯಲ್ಲಿದೆ. ಹೆಸರು ಡೇ ಹೌಸ್. 19ನೇ ಶತಮಾನದಲ್ಲಿ ಪೀಟರ್ ಡೇ ಎಂಬ ರೈಲ್ವೆ ಇಂಜಿನಿಯರ್ ಇದ್ದ ಮನೆ. ಈಗ ಅಯೋವಾ ರೈಟರ್ಸ್ ವರ್ಕ್‌ಷಾಪ್‌ನ ನೆಲೆ. ಹಿಂಬದಿಗೆ 2006ರಲ್ಲಿ ಒಂದು ಗ್ರಂಥಾಲಯ ಸೇರಿಸಿದ್ದಾರೆ. ದೊಡ್ಡ ಫಲಕವಿಲ್ಲ, ಕಮಾನಿಲ್ಲ. ನಮ್ಮ ಕಡೆಯಾದರೆ ಯಾರೋ ವಕೀಲರ ಮನೆ ಎಂದು ಮುಂದೆ ಹೋಗಿಬಿಡಬಹುದು. ಸೃಜನಶೀಲ ಬರವಣಿಗೆಗೆ ಸ್ನಾತಕೋತ್ತರ ಪದವಿ ಕೊಡುವ ಅಮೆರಿಕದ ಮೊದಲ ಕಾರ್ಯಕ್ರಮ ಇದು. ಇವತ್ತು ಆ ದೇಶದಲ್ಲಿ ಅಂಥವು ಇನ್ನೂರಕ್ಕೂ ಹೆಚ್ಚು ಇವೆ. ಎಲ್ಲವೂ ಹೆಚ್ಚುಕಡಿಮೆ ಈ ಮನೆಯ ಪದ್ಧತಿಯನ್ನೇ ಹಿಡಿದು ಬಂದವು.

ಈ ಪರಂಪರೆ ಶುರುವಾದದ್ದು ಒಬ್ಬ ಕವಿಯಿಂದಲ್ಲ. ಕಾರ್ಲ್ ಸೀಶೋರ್ ಎಂಬ ಮನಶ್ಶಾಸ್ತ್ರಜ್ಞ, ಸಂಗೀತದ ಕಿವಿಯನ್ನು ಅಳೆಯುವುದು ಹೇಗೆಂದು ಸಂಶೋಧನೆ ಮಾಡಿದವರು, ಅಯೋವಾದಲ್ಲಿ ಸ್ನಾತಕೋತ್ತರ ವಿಭಾಗದ ಡೀನ್ ಆಗಿದ್ದರು. ಉನ್ನತ ಪದವಿಗೆ ಪ್ರೌಢಪ್ರಬಂಧದ ಬದಲು ಕವನ, ಕಾದಂಬರಿ, ಚಿತ್ರ, ಸಂಗೀತ ರಚನೆ ಕೊಟ್ಟರೂ ಒಪ್ಪುತ್ತೇವೆಂದು 1922ರಲ್ಲಿ ಅವರು ಸಾರಿದರು. ಆ ಪ್ರಕಟಣೆಯ ಗಾತ್ರ ಈಗ ನಮಗೆ ತಿಳಿಯುವುದಿಲ್ಲ. ಷೇಕ್ಸ್‌ಪಿಯರನ ಮೇಲೆ ಮುನ್ನೂರು ಪುಟ ಬರೆದವನೂ ತಾನೇ ಒಂದು ನಾಟಕ ಬರೆದವನೂ ಒಂದೇ ಘಟಿಕೋತ್ಸವದಲ್ಲಿ ಒಂದೇ ಪದವಿ ಪಡೆಯಬಹುದು ಎಂದಾಯಿತು. ಅದರ ಫಲವಾಗಿ ಪಾಲ್ ಎಂಗಲ್ ಎಂಬ ಪಕ್ಕದೂರಿನ ಹುಡುಗ ತನ್ನ ಕವನ ಸಂಕಲನವನ್ನೇ ಪ್ರಬಂಧವಾಗಿ ಒಪ್ಪಿಸಿ ಎಂ.ಎ. ಮಾಡಿದ. 1932ರಲ್ಲಿ ಅದು ಯೇಲ್ ವಿಶ್ವವಿದ್ಯಾಲಯದ ತರುಣ ಕವಿಗಳ ಮಾಲಿಕೆಯಲ್ಲಿ ಪುಸ್ತಕವಾಗಿ ಬಂತು.

1936ರಲ್ಲಿ ವರ್ಕ್‌ಷಾಪ್ ಅಧಿಕೃತವಾಗಿ ಶುರುವಾದಾಗ ಮೊದಲ ನಿರ್ದೇಶಕರಾದವರು ವಿಲ್ಬರ್ ಶ್ರಾಮ್. ಪತ್ರಿಕೋದ್ಯಮ ಓದಿದವರಿಗೆ ಈ ಹೆಸರು ಪರಿಚಿತ. ಸಂವಹನದ ಮಾದರಿಗಳನ್ನು ಬರೆದು ನಮ್ಮ ಪಠ್ಯಪುಸ್ತಕಗಳಿಗೂ ಬಂದ ಶ್ರಾಮ್ ಇವರೇ. ಉಗ್ಗಿನಿಂದ ಬಳಲುತ್ತಿದ್ದ ಶ್ರಾಮ್ ಅಯೋವಾಕ್ಕೆ ಬಂದದ್ದಕ್ಕೆ ಇಲ್ಲಿನ ವಾಕ್‌ಚಿಕಿತ್ಸಾಲಯವೂ ಒಂದು ಕಾರಣ. 1941ರಲ್ಲಿ ಎಂಗಲ್ ನಿರ್ದೇಶಕರಾದರು. ಮುಂದಿನ ಇಪ್ಪತ್ತನಾಲ್ಕು ವರ್ಷ ವರ್ಕ್‌ಷಾಪ್ ಎಂದರೆ ಎಂಗಲ್ ಎನ್ನುವಂತಾಯಿತು.

ಎರಡನೇ ಮಹಾಯುದ್ಧ ಮುಗಿದಾಗ, ಸೈನಿಕರ ವಿದ್ಯಾಭ್ಯಾಸಕ್ಕೆ ಸರ್ಕಾರ ಹಣ ಕೊಡುವ ಕಾನೂನಿನ ಬಲದಿಂದ, ಸಮವಸ್ತ್ರ ಕಳಚಿದ ಹುಡುಗರು ಗುಂಪುಗುಂಪಾಗಿ ಇಲ್ಲಿಗೆ ಬಂದರು. ತರಗತಿಗೆ ಕೋಣೆ ಸಾಲದೆ ನದಿಯ ದಂಡೆಯಲ್ಲಿ ಸೈನ್ಯದ ತಗಡಿನ ಷೆಡ್ಡುಗಳನ್ನು ನಿಲ್ಲಿಸಿದರು. ಯುದ್ಧ ಕಂಡವರ ನಡುವೆ 1945ರಲ್ಲಿ ದಕ್ಷಿಣದ ಜಾರ್ಜಿಯಾದಿಂದ ಇಪ್ಪತ್ತರ ಒಬ್ಬ ಹುಡುಗಿ ಬಂದಳು. ಸೇರಿದ್ದು ಪತ್ರಿಕೋದ್ಯಮಕ್ಕೆ. ಎಂಗಲ್ ಕೋಣೆಗೆ ಬಂದು ಏನೋ ಹೇಳಿದಳು. ಅವಳ ಉಚ್ಚಾರ ಅವರಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಬರೆದು ಕೊಡಮ್ಮ ಎಂದರು. ತನ್ನ ಹೆಸರು ಬರೆದು, ತಾನು ಪತ್ರಕರ್ತೆಯಲ್ಲ, ಈ ವರ್ಕ್‌ಷಾಪಿಗೆ ಸೇರಬಹುದೇ ಎಂದು ಕೇಳಿದ್ದಳು. ಆಕೆ ಫ್ಲ್ಯಾನರಿ ಒ’ಕಾನರ್. 1947ರಲ್ಲಿ ಆರು ಕಥೆಗಳ ಸಂಕಲನ ಒಪ್ಪಿಸಿ ಪದವಿ ಪಡೆದಳು. ಮುಂದೆ ಅಮೆರಿಕದ ಸಣ್ಣಕಥೆಯ ಚರಿತ್ರೆಯನ್ನು ಅವಳನ್ನು ಬಿಟ್ಟು ಬರೆಯಲು ಆಗದಂತಾಯಿತು. ಒಂದೇ ದೇಶ, ಒಂದೇ ಭಾಷೆ, ಆದರೂ ಮಾತು ತಲುಪದ ಕಡೆ ಬರಹ ತಲುಪಿತು ಎಂದು ಆ ಕಥೆಯನ್ನು ಇಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ.

ಪದವಿ ತರಗತಿಗಳಲ್ಲಿ ಹೊರಗಿನವರನ್ನು ಕೂರಿಸುವುದಿಲ್ಲ. ಆದರೆ ಬೇಸಿಗೆಯಲ್ಲಿ ಹಣ ಕಟ್ಟಿದ ಯಾರಾದರೂ ಸೇರಬಹುದಾದ ಬರವಣಿಗೆಯ ಉತ್ಸವವೊಂದನ್ನು ವಿಶ್ವವಿದ್ಯಾಲಯ 1987ರಲ್ಲಿ ಶುರುಮಾಡಿತು. ಅದರ ವಾರಾಂತ್ಯದ ಒಂದು ತರಗತಿಗೆ ನಾನು ಹೆಸರು ಕೊಟ್ಟಿದ್ದೆ. ಇದರಲ್ಲಿ ಪದವಿ ಇಲ್ಲ, ಆಯ್ಕೆಯೂ ಇಲ್ಲ. ಪದ್ಧತಿ ಮಾತ್ರ ಅದೇ. ಒಂದು ಉದ್ದನೆಯ ಮೇಜು, ಸುತ್ತ ಹತ್ತು ಹನ್ನೆರಡು ಜನ. ಕಥೆಯ ಪ್ರತಿ ಮೊದಲೇ ಎಲ್ಲರ ಕೈಗೆ ಬಂದಿರುತ್ತದೆ. ಎಲ್ಲರೂ ಓದಿ, ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡು ಬಂದಿರಬೇಕು. ಆಮೇಲೆ ಒಂದೇ ನಿಯಮ. ಬರೆದವರು ಬಾಯಿ ಬಿಡುವಂತಿಲ್ಲ. ತನ್ನ ಕಥೆಯ ಬಗ್ಗೆ ಇತರರು ಆಡುವುದನ್ನು, ಸರಿಯಿರಲಿ ತಪ್ಪಿರಲಿ, ಕೇಳುತ್ತ ಕೂತಿರಬೇಕು.

ನಮ್ಮ ಮೇಜಿಗೆ ಬಂದವರಲ್ಲಿ ನಿವೃತ್ತ ನರ್ಸ್ ಒಬ್ಬರು, ಶಾಲೆಯ ಬಸ್ ಓಡಿಸುವವರೊಬ್ಬರು, ಕಾನೂನು ಓದುತ್ತಿದ್ದ ಹುಡುಗ, ಮೊಮ್ಮಕ್ಕಳ ಫೋಟೋ ತೋರಿಸುತ್ತಿದ್ದ ಇಬ್ಬರು ಅಜ್ಜಿಯರು ಇದ್ದರು. ಆ ದಿನ ಎತ್ತಿಕೊಂಡದ್ದು ಅರವತ್ತು ದಾಟಿದ ಒಬ್ಬ ರೈತನ ಮಗನ ಕಥೆ. 1980ರ ದಶಕದಲ್ಲಿ ಅಯೋವಾದ ರೈತರನ್ನು ಸಾಲ ಮುಳುಗಿಸಿತ್ತು. ಭೂಮಿಯ ಬೆಲೆ ಏರುತ್ತಿದ್ದಾಗ ಬ್ಯಾಂಕುಗಳು ಕರೆಕರೆದು ಸಾಲ ಕೊಟ್ಟವು. ಬಡ್ಡಿ ಏರಿ, ಜೋಳದ ಬೆಲೆ ಇಳಿದು, ಭೂಮಿಯ ಬೆಲೆಯೂ ಕುಸಿದಾಗ ಮನೆಮನೆಯ ಅಂಗಳದಲ್ಲಿ ಹರಾಜು ನಡೆಯಿತು. ಕಥೆ ಅಂಥ ಒಂದು ಹರಾಜಿನ ಹಿಂದಿನ ರಾತ್ರಿಯದು. ಬೆಳಗಾದರೆ ಬೇರೆಯವರ ಪಾಲಾಗುವ ಟ್ರ್ಯಾಕ್ಟರನ್ನು ಅಪ್ಪ ಒದ್ದೆಬಟ್ಟೆಯಲ್ಲಿ ಒರೆಸುತ್ತಾನೆ, ಚಕ್ರದ ಸಂದಿಯ ಮಣ್ಣನ್ನು ಕಡ್ಡಿಯಿಂದ ಕೀಳುತ್ತಾನೆ. ಕೊನೆಯ ಪ್ಯಾರಾದಲ್ಲಿ ಅವನ ದುಃಖದ ವರ್ಣನೆ.

ಚರ್ಚೆ ಒಂದು ಗಂಟೆ ನಡೆಯಿತು. ಕೊನೆಯ ಪ್ಯಾರಾ ಬೇಡ, ಒರೆಸಿದ್ದರಲ್ಲೇ ಎಲ್ಲ ಬಂದಿದೆ ಎಂದ ಕಾನೂನಿನ ಹುಡುಗ. ನರ್ಸ್ ಒಪ್ಪಲಿಲ್ಲ. ಇಡೀ ಕಥೆಯಲ್ಲಿ ಒಂದು ಮಾತನ್ನೂ ಆಡದ ಮನುಷ್ಯನಿಗೆ ಅಷ್ಟಾದರೂ ಜಾಗ ಬೇಕು ಎಂದರು. ಬಸ್ಸಿನವರು, ಅಷ್ಟು ಸಾಲ ಮಾಡಿದವನು ಅಷ್ಟು ಶಾಂತನಾಗಿ ಒರೆಸುತ್ತಿರಲಿಲ್ಲ, ನಮ್ಮಪ್ಪ ಆ ರಾತ್ರಿ ಕೊಟ್ಟಿಗೆಗೆ ಕಾಲಿಡಲಿಲ್ಲ ಎಂದರು. ನನ್ನ ಸರದಿ ಬಂದಾಗ ನಮ್ಮ ಕಡೆ ಆಯುಧಪೂಜೆಯ ದಿನ ನೇಗಿಲಿನಿಂದ ಟ್ರ್ಯಾಕ್ಟರಿನವರೆಗೆ ಎಲ್ಲವನ್ನೂ ತೊಳೆದು ಕುಂಕುಮ ಇಡುತ್ತೇವೆ, ಆದ್ದರಿಂದ ಅಪ್ಪ ಅದನ್ನು ಮಾರಾಟಕ್ಕೆಂದು ಒರೆಸಿದ್ದೆಂದು ನನಗೆ ಅನಿಸಲೇ ಇಲ್ಲ, ಮನೆಮಗಳನ್ನು ಕಳಿಸಿಕೊಡುವವನಂತೆ ಕಂಡ ಎಂದೆ. ಅಜ್ಜಿಯರಲ್ಲಿ ಒಬ್ಬರು ತಲೆಯಾಡಿಸಿದರು. ಬರೆದಾತ ಕಣ್ಣು ಕೆಳಗೆ ಹಾಕಿ, ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು.

ಕೊನೆಗೆ ಅವರಿಗೆ ಮಾತಾಡಲು ಅನುಮತಿ ಸಿಕ್ಕಿತು. ಅವರು ಹೇಳಿದ್ದು ಇಷ್ಟೇ. ‘ನಿಜವಾಗಿ ಒರೆಸಿದ್ದು ಅಪ್ಪ ಅಲ್ಲ, ಅಮ್ಮ.’

ಮೇಜು ಸುಮ್ಮನಾಯಿತು. ಪಾಠ ನಡೆಸುತ್ತಿದ್ದ ಕಥೆಗಾರ್ತಿ ಕೇಳಿದರು. ‘ಹಾಗಾದರೆ ಬಟ್ಟೆಯನ್ನು ಅಪ್ಪನ ಕೈಗೆ ಯಾಕೆ ಕೊಟ್ಟಿರಿ?’

ಅವರು ಉತ್ತರ ಕೊಡಲಿಲ್ಲ. ಕೊಡಬೇಕೆಂದು ಯಾರೂ ನಿರೀಕ್ಷಿಸಲೂ ಇಲ್ಲ. ಉತ್ತರ ಬರಬೇಕಾದದ್ದು ಮುಂದಿನ ಪ್ರತಿಯಲ್ಲಿ. ನನ್ನ ಸೊಸೆಯ ಪ್ರಶ್ನೆಗೆ ನನಗೆ ಒಂದಿಷ್ಟು ಉತ್ತರ ಸಿಕ್ಕಿದ್ದು ಅಲ್ಲಿ. ಕಥೆ ಬರೆಯುವುದನ್ನು ಯಾರೂ ಕಲಿಸಲಿಲ್ಲ. ವರ್ಕ್‌ಷಾಪೇ ತನ್ನ ಬಗ್ಗೆ ಹೇಳಿಕೊಳ್ಳುವಾಗ ಬರವಣಿಗೆಯನ್ನು ಕಲಿಸಲಾಗದು, ಬರೆಯುವವರಿಗೆ ಒತ್ತಾಸೆಯಾಗಬಹುದು ಅಷ್ಟೆ ಎಂಬ ನಿಲುವನ್ನು ಮುಚ್ಚಿಟ್ಟಿಲ್ಲ. ಅಲ್ಲಿ ನಡೆದದ್ದು ಓದು. ಇನ್ನೂ ಅಚ್ಚಾಗದ, ಹೆಸರಿಲ್ಲದ ಒಬ್ಬನ ಕಥೆಯನ್ನು, ಪ್ರಶಸ್ತಿ ಬಂದ ಪುಸ್ತಕಕ್ಕೆ ಕೊಡುವಷ್ಟೇ ಗಂಭೀರವಾಗಿ ಹನ್ನೊಂದು ಜನ ಒಂದು ಗಂಟೆ ಓದಿದರು. ಲೇಖಕನಿಗೆ ಇದು ಸಾಮಾನ್ಯವಾಗಿ ಐವತ್ತು ದಾಟಿದ ಮೇಲೆ, ಅಭಿನಂದನ ಗ್ರಂಥದಲ್ಲಿ ಸಿಗುತ್ತದೆ. ಆ ಹೊತ್ತಿಗೆ ಅದರಿಂದ ಪ್ರಯೋಜನವಿರುವುದಿಲ್ಲ.

ಪದವಿ ವಿದ್ಯಾರ್ಥಿಗಳಿಗೆ ಈ ಓದು ಎರಡು ವರ್ಷ ಸಿಗುತ್ತದೆ. ಕಥನಕ್ಕೆ ಸುಮಾರು ಇಪ್ಪತ್ತೈದು, ಕಾವ್ಯಕ್ಕೆ ಅಷ್ಟೇ ಜನರನ್ನು ಪ್ರತಿ ವರ್ಷ ಆರಿಸುತ್ತಾರೆ. ಆಯ್ಕೆಯಲ್ಲಿ ಮುಖ್ಯವಾಗುವುದು ಅಂಕಪಟ್ಟಿಯಲ್ಲ, ಕಳಿಸಿದ ಹಸ್ತಪ್ರತಿ. ಕಿರಿಯ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಕೆಲಸವೋ ವಿದ್ಯಾರ್ಥಿವೇತನವೋ ಸಿಗುವುದರಿಂದ ಹೊಟ್ಟೆಪಾಡು ನಡೆಯುತ್ತದೆ. ಕೊನೆಗೆ ಒಪ್ಪಿಸಬೇಕಾದದ್ದು ಒಂದು ಪುಸ್ತಕದಷ್ಟು ಬರಹ. ಊರಿನಲ್ಲಿ ಮನಸ್ಸು ಕದಲಿಸುವಂಥದ್ದು ಹೆಚ್ಚಿಲ್ಲ. ಚಳಿಗಾಲದಲ್ಲಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿದರೆ ಮನೆ ಬಿಟ್ಟು ಹೊರಬರುವಂತಿಲ್ಲ. ಬರೆಯದೆ ಬೇರೆ ಏನು ಮಾಡುವುದು ಎಂದು ಕಾಫಿ ಅಂಗಡಿಯ ಹುಡುಗಿಯೊಬ್ಬಳು ನಕ್ಕಳು. ಅವಳೂ ಕವಿತೆಯ ವಿದ್ಯಾರ್ಥಿನಿ.

ಪಾಠ ಹೇಳಲು ಬಂದವರ ಪಟ್ಟಿ ದೊಡ್ಡದು. 1965ರಲ್ಲಿ ಕರ್ಟ್ ವೊನೆಗಟ್ ಬಂದಾಗ ಅವರ ಪುಸ್ತಕಗಳು ಹೆಚ್ಚು ಮಾರಾಟವಾಗುತ್ತಿರಲಿಲ್ಲ. ಡ್ರೆಸ್ಡನ್ ನಗರದ ಮೇಲೆ ಬಾಂಬು ಸುರಿದದ್ದನ್ನು ಸೆರೆಯಾಳಾಗಿ ಕಣ್ಣಾರೆ ಕಂಡ ಅವರು ಅದನ್ನು ಬರೆಯಲಾಗದೆ ವರ್ಷಗಟ್ಟಲೆ ಒದ್ದಾಡಿದ್ದರು. 1969ರಲ್ಲಿ ಹೊರಬಂದ ‘ಸ್ಲಾಟರ್‌ಹೌಸ್ ಫೈವ್’ ಕಾದಂಬರಿಯ ಜೊತೆ ಇಲ್ಲಿದ್ದಾಗಲೂ ಅವರು ಗುದ್ದಾಡಿದರು. ಅವರ ತರಗತಿಯಲ್ಲಿ ಜಾನ್ ಇರ್ವಿಂಗ್ ವಿದ್ಯಾರ್ಥಿ. 1973ರಲ್ಲಿ ಜಾನ್ ಚೀವರ್ ಮತ್ತು ರೇಮಂಡ್ ಕಾರ್ವರ್ ಒಟ್ಟಿಗೆ ಪಾಠಕ್ಕೆ ಬಂದು, ಪಾಠಕ್ಕಿಂತ ಹೆಚ್ಚು ಹೊತ್ತು ಕುಡಿತದಲ್ಲಿ ಕಳೆದದ್ದೂ ಊರಿನ ಪುರಾಣದ ಭಾಗ. ಇನ್ನೊಂದು ತುದಿಯಲ್ಲಿ ಮೆರಿಲಿನ್ ರಾಬಿನ್ಸನ್. 1991ರಿಂದ ಇಪ್ಪತ್ತೈದು ವರ್ಷ ಇಲ್ಲಿ ಪಾಠ ಹೇಳಿ, ಅಯೋವಾದ ಕಾಲ್ಪನಿಕ ಹಳ್ಳಿಯ ಮುದಿ ಪಾದ್ರಿಯೊಬ್ಬನನ್ನು ನಡುವೆ ನಿಲ್ಲಿಸಿ ಬರೆದ ‘ಗಿಲಿಯಡ್’ಗೆ 2005ರ ಪುಲಿಟ್ಜರ್ ಪಡೆದರು.

ಈ ಎಲ್ಲಕ್ಕೂ ದುಡ್ಡು ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಊರು ಮೊದಲು ಕೇಳಿಕೊಳ್ಳಲಿಲ್ಲ, ಈಗ ಕೇಳಿಕೊಳ್ಳುತ್ತಿದೆ. ಎಂಗಲ್ ಹಣ ಕೂಡಿಸುವುದರಲ್ಲಿ ನಿಪುಣರು. ಕಂಪನಿಗಳ ಮಾಲೀಕರಿಗೆ, ಪ್ರತಿಷ್ಠಾನಗಳಿಗೆ ಪತ್ರ ಬರೆದು ಬರೆದು ದಕ್ಕಿಸಿಕೊಂಡರು. ಅದು ಶೀತಲ ಸಮರದ ಕಾಲ. ಸ್ವತಂತ್ರ ದೇಶದಲ್ಲಿ ಲೇಖಕ ಸ್ವತಂತ್ರ ಎಂದು ತೋರಿಸುವುದು ಅಮೆರಿಕಕ್ಕೆ ಬೇಕಿತ್ತು. ಹಾಗೆ ಕೊಟ್ಟವುಗಳಲ್ಲಿ ಫಾರ್‌ಫೀಲ್ಡ್ ಫೌಂಡೇಶನ್ ಒಂದು. ಅದು ಸಿಐಎ ತನ್ನ ಹಣ ಹರಿಸಲು ಇಟ್ಟುಕೊಂಡಿದ್ದ ಮುಸುಕು ಎಂದು ಆಮೇಲೆ ಬಯಲಾಯಿತು. ಇದೇ ವರ್ಕ್‌ಷಾಪಿನಲ್ಲಿ ಓದಿದ ಎರಿಕ್ ಬೆನೆಟ್ 2015ರಲ್ಲಿ ಈ ಚರಿತ್ರೆಯನ್ನು ಪುಸ್ತಕವಾಗಿಸಿದರು. ದೊಡ್ಡ ಸಿದ್ಧಾಂತಗಳನ್ನು ಬಿಟ್ಟು ಕಣ್ಣಿಗೆ ಕಂಡ ವಿವರಕ್ಕೆ, ಒಬ್ಬ ವ್ಯಕ್ತಿಯ ಅನುಭವಕ್ಕೆ ಅಂಟಿಕೊಳ್ಳುವ ಬರವಣಿಗೆಯನ್ನು ಇಲ್ಲಿ ಮೆಚ್ಚಿದ್ದರ ಹಿಂದೆ ಆ ಕಾಲದ ರಾಜಕಾರಣವೂ ಇತ್ತು ಎಂಬುದು ಅವರ ವಾದ. ಟ್ರ್ಯಾಕ್ಟರ್ ಒರೆಸಿದ ಕೈಯ ಬಗ್ಗೆ ಒಂದು ಗಂಟೆ ಮಾತಾಡಿದ ನಾವು ಬಡ್ಡಿದರದ ಬಗ್ಗೆ ಒಂದು ನಿಮಿಷವೂ ಆಡಲಿಲ್ಲ ಎಂಬುದು ಆಗ ನೆನಪಾಯಿತು.

ಅದೇ ಕ್ಲಿಂಟನ್ ಬೀದಿಯಲ್ಲಿ ಷಾಂಬಾ ಹೌಸ್ ಎಂಬ ಇನ್ನೊಂದು ಹಳೆಯ ಮನೆ ಇದೆ. ಇಂಟರ್‌ನ್ಯಾಷನಲ್ ರೈಟಿಂಗ್ ಪ್ರೋಗ್ರಾಂ ನಡೆಯುವುದು ಇಲ್ಲಿಂದ. ಚೀನಾದಲ್ಲಿ ಹುಟ್ಟಿ ತೈವಾನ್ ಮೂಲಕ ಬಂದ ಕಾದಂಬರಿಕಾರ್ತಿ ನಿಯ್ ಹುವಾಲಿಂಗ್ ಮತ್ತು ಎಂಗಲ್ ಸೇರಿ 1967ರಲ್ಲಿ ಶುರುಮಾಡಿದ್ದು. ಮುಂದೆ ಅವರಿಬ್ಬರೂ ಮದುವೆಯಾದರು. ಇದು ಪದವಿಯಲ್ಲ. ಬೇರೆ ಬೇರೆ ಭಾಷೆಗಳಲ್ಲಿ ಈಗಾಗಲೇ ಬರೆಯುತ್ತಿರುವವರನ್ನು ಕೆಲವು ತಿಂಗಳು ಕರೆಸಿ, ಕೋಣೆ ಕೊಟ್ಟು, ಬರೆಯಲು ಬಿಡುವ ಏರ್ಪಾಡು. ನೊಬೆಲ್ ಬರುವುದಕ್ಕೆ ಎಷ್ಟೋ ವರ್ಷ ಮೊದಲು ಓರ್ಹಾನ್ ಪಾಮುಕ್ ಇಲ್ಲಿದ್ದರು. ಹಿಂದಿಯ ನಿರ್ಮಲ್ ವರ್ಮಾ, ಮರಾಠಿಯ ದಿಲೀಪ್ ಚಿತ್ರೆ, ಬಂಗಾಳಿಯ ಶಂಖ ಘೋಷ್ ಬಂದುಹೋದರು. ಕನ್ನಡದಿಂದ ಎಚ್.ಎಸ್. ಶಿವಪ್ರಕಾಶ್ ಬಂದಿದ್ದರು, 2016ರಲ್ಲಿ ವಿವೇಕ ಶಾನಭಾಗ ಬಂದಿದ್ದರು. 1970ರ ದಶಕದ ನಡುವೆ ಯು.ಆರ್. ಅನಂತಮೂರ್ತಿ ಅಯೋವಾ ವಿಶ್ವವಿದ್ಯಾಲಯದಲ್ಲಿ ಅತಿಥಿ ಪ್ರಾಧ್ಯಾಪಕರಾಗಿದ್ದರು. ಈ ಪ್ರೋಗ್ರಾಂ ಹುಟ್ಟುವ ಮೊದಲೇ, 1963ರಲ್ಲಿ, ಎಂಗಲ್ ಕರೆಯ ಮೇಲೆ ಬಂದ ಸುನೀಲ್ ಗಂಗೋಪಾಧ್ಯಾಯ ಇಲ್ಲಿ ನೆಲೆಯೂರದೆ ಕೋಲ್ಕತ್ತಕ್ಕೆ ಮರಳಿ ತಮ್ಮ ಬಂಗಾಳಿಯಲ್ಲಿ ಬರೆಯುತ್ತ ಹೋದರು. 2025ರ ಆರಂಭದಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಈ ಪ್ರೋಗ್ರಾಂಗೆ ಕೊಡುತ್ತಿದ್ದ ಅನುದಾನ ನಿಲ್ಲಿಸಿತು. ಕೊಡುವ ಕೈಗೆ ನಿಲ್ಲಿಸುವ ಅಧಿಕಾರವೂ ಇರುತ್ತದೆ.

ಅನಂತಮೂರ್ತಿಯವರ ಹೆಸರು ಬಂದಾಗ ಈ ಕಥೆಗೆ ಇನ್ನೊಂದು ದಾರಿ ತೆರೆಯುತ್ತದೆ. ‘ಸಂಸ್ಕಾರ’ವನ್ನು ಅವರು ಬರೆದದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ, ಸಂಶೋಧನೆಗೆಂದು ಹೋಗಿದ್ದಾಗ. ಅಧ್ಯಾಪಕ ಮಾಲ್ಕಂ ಬ್ರಾಡ್‌ಬರಿಯವರೊಡನೆ ಬರ್ಗ್‌ಮನ್‌ನ ಒಂದು ಸಿನಿಮಾ ನೋಡಿ ಬಂದು, ಮಧ್ಯಯುಗವೂ ಇಂದಿನ ಕಾಲವೂ ಒಟ್ಟಿಗೇ ಬದುಕುವ ತಮ್ಮ ಊರಿನ ಬಗ್ಗೆ ಮಾತಾಡಿದಾಗ, ಅದನ್ನೇ ಬರೆ ಎಂದು ಬ್ರಾಡ್‌ಬರಿ ಹುರಿದುಂಬಿಸಿದರೆಂದು ಅವರೇ ಹೇಳಿಕೊಂಡಿದ್ದಾರೆ. ಅದೇ ಬ್ರಾಡ್‌ಬರಿ ಆಂಗಸ್ ವಿಲ್ಸನ್ ಜೊತೆ ಸೇರಿ 1970ರಲ್ಲಿ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ ಬ್ರಿಟನ್ನಿನ ಮೊದಲ ಸೃಜನಶೀಲ ಬರವಣಿಗೆಯ ಎಂ.ಎ. ತೆರೆದರು. ಅದರ ಮೊದಲ ವಿದ್ಯಾರ್ಥಿ ಇಯಾನ್ ಮೆಕ್‌ಇವಾನ್. ಆಮೇಲೆ ಬಂದವರಲ್ಲಿ ಕಜುವೊ ಇಷಿಗುರೊ ಒಬ್ಬರು. ಅಂದರೆ ಆ ಪದವಿ ಹುಟ್ಟುವುದಕ್ಕೂ ಐದು ವರ್ಷ ಮೊದಲು, ಮೇಜಿಲ್ಲದೆ, ಫೀಸಿಲ್ಲದೆ, ಅದರ ಸ್ಥಾಪಕನ ಒತ್ತಾಸೆಯಿಂದ ಒಂದು ಕನ್ನಡ ಕಾದಂಬರಿ ಬಂದಾಗಿತ್ತು.

ಪದವಿ ಯಾಕೆ ಬೇಕು ಎನ್ನುವವರು ಈ ಪ್ರಸಂಗವನ್ನೇ ತಮ್ಮ ಪರವಾಗಿ ಹೇಳಬಹುದು. ಕನ್ನಡಕ್ಕೆ ತನ್ನದೇ ವರ್ಕ್‌ಷಾಪುಗಳಿದ್ದವು. ಮೈಸೂರಿನ ಕಾಫಿ ಹೌಸ್‌ನಲ್ಲಿ ಗೋಪಾಲಕೃಷ್ಣ ಅಡಿಗರ ಸುತ್ತ ಕೂತ ಹುಡುಗರು ನವ್ಯದ ಲೇಖಕರಾದರು. ಧಾರವಾಡದಲ್ಲಿ 1933ರಲ್ಲಿ ಶುರುವಾದ ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆಯ ‘ಅಟ್ಟ’ದಲ್ಲಿ ಕೀರ್ತಿನಾಥ ಕುರ್ತಕೋಟಿ ಹಸ್ತಪ್ರತಿ ಓದಿ ಹೇಳಿದ ಮಾತು ಯಾವ ಸೆಮಿಸ್ಟರಿಗೂ ಕಡಿಮೆಯದಲ್ಲ. ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಅಲ್ಲಿಂದಲೇ ಹೊರಬಂತು. ನಾನೂ ಬಹಳ ಕಾಲ ಇದೇ ವಾದ ಮಾಡುತ್ತಿದ್ದೆ. ಸಾಹಿತ್ಯ ಬೆಳೆಯುವುದು ಅಟ್ಟದಲ್ಲಿ, ಕಟ್ಟೆಯಲ್ಲಿ, ಕಾಫಿಯ ಸುತ್ತ. ಅದಕ್ಕೆ ಹಾಜರಿ ಪುಸ್ತಕ ಬೇಡ ಎಂದು.

ಆದರೆ ಅಟ್ಟ ಹತ್ತುವವರು ಯಾರು? ಮೆಟ್ಟಿಲು ಎಲ್ಲಿದೆ ಎಂದು ಗೊತ್ತಿದ್ದವರು. ಯಾರದೋ ತಮ್ಮ, ಯಾರದೋ ಶಿಷ್ಯ, ಪಕ್ಕದ ಓಣಿಯವರು. ಸಂಜೆ ಏಳರ ಮೇಲೆ ಕಾಫಿ ಹೌಸ್‌ನಲ್ಲಿ ಕೂರಬಲ್ಲವರು, ಅಂದರೆ ಬಹುಪಾಲು ಗಂಡಸರು. ಬರೆಯುವ ಹೆಣ್ಣುಮಕ್ಕಳು ಆ ಹೊತ್ತಿಗೆ ಅಡುಗೆಮನೆಯಲ್ಲಿದ್ದರು. ಬರೆಯುವ ದಲಿತ ಹುಡುಗನಿಗೆ ಆ ಮೇಜು ಎಲ್ಲಿದೆ ಎಂದು ಹೇಳುವವರೇ ಇರಲಿಲ್ಲ. ಅಯೋವಾದ ಅರ್ಜಿ ನಮೂನೆ ನೀರಸವಾದ ಕಾಗದ. ಆದರೆ ಅದು ಯಾರ ಪರಿಚಯವನ್ನೂ ಕೇಳದೆ ಹಸ್ತಪ್ರತಿ ಕೇಳುತ್ತದೆ. ಆ ಕಾಗದವನ್ನು ಹಿಡಿದು 1939ರಲ್ಲಿ ಮಾರ್ಗರೆಟ್ ವಾಕರ್ ಎಂಬ ಕಪ್ಪು ಹೆಣ್ಣುಮಗಳು ಇಲ್ಲಿಗೆ ಬಂದಳು. ಪ್ರಬಂಧವಾಗಿ ಒಪ್ಪಿಸಿದ ಕವಿತೆಗಳು 1942ರಲ್ಲಿ, ಎಂಗಲ್ ಪುಸ್ತಕ ಬಂದಿದ್ದ ಅದೇ ಯೇಲ್ ಮಾಲಿಕೆಯಲ್ಲಿ ಬಂದವು. ಗುಲಾಮಗಿರಿಯಲ್ಲಿ ಹುಟ್ಟಿದ ತನ್ನ ಮುತ್ತಜ್ಜಿಯ ಬದುಕಿನ ಮೇಲೆ ಕಟ್ಟಿದ ‘ಜುಬಿಲೀ’ ಕಾದಂಬರಿಯನ್ನು 1965ರಲ್ಲಿ ಇಲ್ಲೇ ಪಿಎಚ್.ಡಿ. ಪ್ರಬಂಧವಾಗಿ ಒಪ್ಪಿಸಿದಳು.

ಅರ್ಜಿ ಬಾಗಿಲು ತೆರೆಯುತ್ತದೆ. ಒಳಗಿನ ಕೋಣೆ ಬೇರೆಯದೇ ಮಾತು. ವಾಕರ್ ಬಂದಾಗ ವಿಶ್ವವಿದ್ಯಾಲಯದ ಹಾಸ್ಟೆಲುಗಳಲ್ಲಿ ಕಪ್ಪು ವಿದ್ಯಾರ್ಥಿಗಳಿಗೆ ಜಾಗವಿರಲಿಲ್ಲ. ಅದು ಸಿಕ್ಕಿದ್ದು 1946ರಲ್ಲಿ. ಮುಂದೆ ಶಿಲ್ಪಿಯಾಗಿ ಹೆಸರಾದ ಎಲಿಜಬೆತ್ ಕ್ಯಾಟ್ಲೆಟ್ ಜೊತೆ ಹೊರಗೆ ಕೋಣೆ ಹಿಡಿದು ಓದಿದಳು. 1978ರಲ್ಲಿ ಪದವಿ ಪಡೆದ ಸಾಂಡ್ರಾ ಸಿಸ್ನೆರೋಸ್ ಷಿಕಾಗೋದ ಮೆಕ್ಸಿಕನ್ ಕುಟುಂಬದವಳು. ಸೆಮಿನಾರಿನಲ್ಲಿ ನೆನಪಿನ ಮನೆಗಳ ಬಗ್ಗೆ ಚರ್ಚೆ ನಡೆದಾಗ, ಸಹಪಾಠಿಗಳು ಹೇಳುತ್ತಿದ್ದ ಉಪ್ಪರಿಗೆ, ನೆಲಮಾಳಿಗೆಗಳ ಮನೆಯಲ್ಲಿ ತಾನು ಬೆಳೆದೇ ಇಲ್ಲ ಎಂದು ಅವಳಿಗೆ ಹೊಳೆಯಿತು. ಅವರಾರಿಗೂ ಬರೆಯಲು ಬರದ ಬಾಡಿಗೆಮನೆಗಳ ಬಗ್ಗೆ ಬರೆಯುತ್ತೇನೆಂದು ಹೊರಟು, 1984ರಲ್ಲಿ ‘ದಿ ಹೌಸ್ ಆನ್ ಮ್ಯಾಂಗೊ ಸ್ಟ್ರೀಟ್’ ಪ್ರಕಟಿಸಿದಳು. ಲೇಖಕ ಬಾಯಿ ಬಿಡಬಾರದೆಂಬ ನಿಯಮ, ಸುತ್ತ ಕೂತವರು ತನ್ನಂಥವರೇ ಆಗಿದ್ದಾಗ ಶಿಸ್ತು. ಕೂತವರಿಗೆ ತನ್ನ ಲೋಕವೇ ಗೊತ್ತಿಲ್ಲದಿದ್ದಾಗ ಅದು ಬಾಯಿಗೆ ಬಟ್ಟೆ. ಈಗ ಈ ದೇಶದ ಎಷ್ಟೋ ತರಗತಿಗಳಲ್ಲಿ ಆ ನಿಯಮವನ್ನು ಸಡಿಲಿಸುತ್ತಿದ್ದಾರೆ. ಬರೆದವರೇ ಮೊದಲು ಪ್ರಶ್ನೆ ಕೇಳುವ ಪದ್ಧತಿ ಬರುತ್ತಿದೆ. 2006ರಲ್ಲಿ ವರ್ಕ್‌ಷಾಪಿನ ನಿರ್ದೇಶಕಿಯಾದ ಲ್ಯಾನ್ ಸಮಂತಾ ಚಾಂಗ್ ಆ ಕುರ್ಚಿಗೆ ಬಂದ ಮೊದಲ ಹೆಂಗಸು, ಮೊದಲ ಏಷ್ಯನ್ ಮೂಲದವರು.

ಪ್ರೇರೀ ಲೈಟ್ಸ್ ಪುಸ್ತಕದಂಗಡಿಯ ಮೇಲ್ಮಹಡಿಯಲ್ಲಿ ಕೂತು ಇದನ್ನೆಲ್ಲ ಸೊಸೆಗೆ ಹೇಳುತ್ತಿದ್ದೆ. 1978ರಲ್ಲಿ ಶುರುವಾದ ಈ ಅಂಗಡಿಯಲ್ಲಿ ಲೇಖಕರು ಬಂದು ಓದುವ ಸಂಜೆಗಳು ನಡೆಯುತ್ತಲೇ ಇರುತ್ತವೆ. ಅವಳು ಅಷ್ಟರಲ್ಲಿ ಮೂರು ಪುಸ್ತಕ ಎತ್ತಿಕೊಂಡಿದ್ದಳು.

‘ಮಾವ, ಹಾಗಾದ್ರೆ ಕುಸುಮಬಾಲೆನ ಈ ಮೇಜಿನ ಮೇಲೆ ಇಟ್ಟಿದ್ರೆ ಏನಾಗ್ತಿತ್ತು?’ ಎಂದಳು.

ಒಳ್ಳೆಯ ಪ್ರಶ್ನೆ. 1984ರಲ್ಲಿ ದೇವನೂರ ಮಹಾದೇವರ ಆ ಕಾದಂಬರಿ ಬಂದಾಗ ಕನ್ನಡದವರೇ ಓದಲಾಗುವುದಿಲ್ಲ ಎಂದರು. ಚಾಮರಾಜನಗರ ಸೀಮೆಯ ಆಡುಮಾತು ಶಿಷ್ಟ ಕನ್ನಡದವರಿಗೆ ಪರಭಾಷೆಯಾಗಿತ್ತು. ಹಳಗನ್ನಡದ ವಿದ್ವಾಂಸ ಎಲ್. ಬಸವರಾಜು ಅದನ್ನು ಪದ್ಯದ ಸಾಲುಗಳಂತೆ ಬಿಡಿಸಿ ಓದಿ ತೋರಿಸಬೇಕಾಯಿತು. ಅದೇ ಹಸ್ತಪ್ರತಿ ಹತ್ತು ಜನರ ಮೇಜಿಗೆ ಬಂದಿದ್ದರೆ, ಹತ್ತರಲ್ಲಿ ಒಂಬತ್ತು ಪೆನ್ಸಿಲುಗಳು ಅದರ ಭಾಷೆಯನ್ನು ತಿದ್ದುತ್ತಿದ್ದವು. ತಿದ್ದಿದ್ದರೆ ಆ ಕಾದಂಬರಿಯೇ ಇರುತ್ತಿರಲಿಲ್ಲ.

‘ಹತ್ತನೇ ಪೆನ್ಸಿಲು?’ ಎಂದಳು.

ಹತ್ತನೆಯದು ಆ ಸೀಮೆಯವರ ಕೈಯಲ್ಲಿರಬೇಕು. ಮೇಜಿನ ಸುತ್ತ ಯಾರು ಕೂರುತ್ತಾರೆ ಎಂಬುದೇ ಇಡೀ ಪ್ರಶ್ನೆ. ಅಟ್ಟದಲ್ಲಿ ಅದನ್ನು ತೀರ್ಮಾನಿಸುತ್ತಿದ್ದದ್ದು ಸ್ನೇಹ, ಜಾತಿ, ಊರು, ಆಕಸ್ಮಿಕ. ಹೀಗೇಕೆ ಎಂದು ಅಟ್ಟವನ್ನು ಕೇಳುವಂತಿಲ್ಲ, ಅದು ಒಬ್ಬರ ಮನೆ. ವಿಶ್ವವಿದ್ಯಾಲಯವನ್ನು ಕೇಳಬಹುದು. ಸಾರ್ವಜನಿಕರ ಹಣದಲ್ಲಿ ನಡೆಯುವ ಕೋಣೆಗೆ ಮೀಸಲಾತಿ ಕೇಳಬಹುದು, ಆಯ್ಕೆಯ ಪಟ್ಟಿ ತೋರಿಸಿ ಎನ್ನಬಹುದು, 1946ರ ತನಕ ಹಾಸ್ಟೆಲ್ ಯಾಕೆ ಕೊಡಲಿಲ್ಲ ಎಂದು ಜಗಳ ಆಡಬಹುದು, ನಿಯಮ ಬದಲಾಯಿಸಬಹುದು. ಅಯೋವಾದಿಂದ ನಾವು ತರಬೇಕಾದದ್ದು ಏನಾದರೂ ಇದ್ದರೆ ಅದು ಅವರ ಪಠ್ಯಕ್ರಮವಲ್ಲ, ಅವರ ರುಚಿಯಂತೂ ಅಲ್ಲ. 1922ರಲ್ಲಿ ಆ ಡೀನ್ ತೆಗೆದುಕೊಂಡಂಥ ಒಂದು ತೀರ್ಮಾನ. ನಾನು ಓದಿದ ಕಾಲದ ಕನ್ನಡ ವಿಭಾಗದಲ್ಲಿ ಕಾದಂಬರಿಗಳ ಮೇಲೆ ಬರೆದವರಿಗೆ ಡಾಕ್ಟರೇಟು ಸಿಗುತ್ತಿತ್ತು, ಕಾದಂಬರಿ ಬರೆದವರಿಗೆ ಹಾಜರಾತಿ ಕಡಿಮೆಯೆಂದು ನೋಟಿಸು. ಹಳ್ಳಿಯ ಕಾಲೇಜಿನಿಂದ ಬಂದ, ಮನೆಯಲ್ಲಿ ಮೊದಲ ಬಾರಿಗೆ ಪುಸ್ತಕ ಹಿಡಿದ ಹುಡುಗಿಯೊಬ್ಬಳು ತನ್ನ ಸೀಮೆಯ ಮಾತಿನಲ್ಲಿ ಬರೆದ ಕಥೆಗಳನ್ನೇ ಪ್ರಬಂಧವಾಗಿ ಒಪ್ಪಿಸಿ ಎಂ.ಎ. ಮಾಡಬಹುದು ಎಂದು ಒಂದು ಸುತ್ತೋಲೆ ಹೊರಟರೆ ಸಾಕು. ಅದಕ್ಕೆ ಹೊಸ ಕಟ್ಟಡ ಬೇಡ, ವಿದೇಶದ ಹಣವೂ ಬೇಡ. ಒಂದು ಮೇಜು, ಓದಿಕೊಂಡು ಬರುವ ಹತ್ತು ಜನ, ಎರಡು ವರ್ಷದ ವಿದ್ಯಾರ್ಥಿವೇತನ ಬೇಕು. ಆ ಹತ್ತು ಜನರಲ್ಲಿ ಅವಳ ಸೀಮೆಯವರೂ ಇರಬೇಕೆಂಬ ಷರತ್ತನ್ನು ಸುತ್ತೋಲೆಯ ಮೊದಲ ಸಾಲಿನಲ್ಲೇ ಬರೆಯಬೇಕು.